ಭಾಷಣಸ್ಪರ್ಧೆಯೂ ಉಪಾಧ್ಯಾಯರೂ



ಭಾಷಣಸ್ಪರ್ಧೆಯೆಂಬುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಇಂಗ್ಲಿಷು ವಿದ್ಯೆ ನಮ್ಮ ನಾಡಿನಲ್ಲಿ ಬೇರೂರಿದ ಮೇಲೆ ಹೈಸ್ಕೂಲುಗಳಲ್ಲಿಯೂ ಕಾಲೇಜುಗಳಲ್ಲಿಯೂ ಇಂಗ್ಲಿಷು ಭಾಷಣದ ಪಂದ್ಯಗಳು ನಡೆಯುತ್ತಲೇ ಬಂದಿವೆ. ಹುಡುಗತನದಲ್ಲಿ ಅಂಥ ವೇದಿಕೆಯನ್ನು ಒಮ್ಮೆಯಾದರೂ ಹತ್ತಿ ಇಳಿದವರು ನಮ್ಮ ಶ್ರೋತೃಗಳಲ್ಲಿ ಅನೇಕರಿರಬಹುದು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿಯು ಗೆಳೆಯನ ಶವದ ಮುಂದೆ ನಿಂತು ಮಾಡುವ ಭಾಷಣವನ್ನು ಕಂಠಪಾಠ ಮಾಡಿಕೊಂಡು ಬಂದು, ಬೆವರಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಭಾಕಂಪದಿಂದ ಅರ್ಧಕ್ಕೆ ತಡವರಿಸಿ ನಿಂತ ಹುಡುಗನನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮಲ್ಲಿ ಕೆಲವರು ಆ ಹುಡುಗನೇ ಆಗಿದ್ದೆವು. ಆ ಹೊತ್ತಿನಲ್ಲಿ ಸಭೆಯ ಹಿಂದಿನ ಬೆಂಚಿನ ಮೇಲೆ ಕುಳಿತು, ಹುಡುಗನು ಮರೆತ ಮಾತನ್ನು ತಮ್ಮ ತುಟಿಯಲ್ಲಿಯೇ ಆಡಿಕೊಳ್ಳುತ್ತಿದ್ದ ಮೇಷ್ಟರೊಬ್ಬರನ್ನೂ ನಾವು ಕಂಡಿದ್ದೇವೆ. ಬಹುಮಾನ ಬಂದರೆ ಅದು ಹುಡುಗನದು. ಬೆಳ್ಳಿಯ ಬಟ್ಟಲು ಬಂದರೆ ಅದು ಶಾಲೆಯದು. ಆ ಮೇಷ್ಟರು ಹುಡುಗನಿಗೆ ಕೊಟ್ಟದ್ದೇನು ಎಂಬ ವಿಚಾರವನ್ನು ಮಾತ್ರ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಇಂದು ಅದನ್ನು ಸ್ವಲ್ಪ ಎತ್ತಿ ನೋಡಬೇಕೆಂಬುದು ನಮ್ಮ ಅಪೇಕ್ಷೆ.

ಇಂಥ ವಿಷಯವನ್ನು ಬರಿಯ ಉಪದೇಶವಾಗಿ ಹೇಳಿದರೆ ಹೇಳುವವರಿಗೆ ಸುಲಭ, ಕೇಳುವವರಿಗೆ ಕಷ್ಟ. ಆದ್ದರಿಂದ ನಿಜವಾಗಿ ನಡೆದ ಒಂದು ಸಂಗತಿಯನ್ನೇ ಹಿಡಿದು ಮುಂದುವರಿಯುತ್ತೇವೆ. ಅದು ನಡೆದದ್ದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣಭಾಗದಲ್ಲಿರುವ ಜಾರ್ಜಿಯಾ ಸಂಸ್ಥಾನದಲ್ಲಿ, ೧೯೪೪ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ. ಹುಡುಗನ ಹೆಸರು ಮಾರ್ಟಿನ್ ಲೂಥರ್ ಕಿಂಗ್. ಉಪಾಧ್ಯಾಯಿನಿಯ ಹೆಸರು ಸಾರಾ ಗ್ರೇಸ್ ಬ್ರಾಡ್ಲಿ. ಮೊದಲನೆಯ ಹೆಸರನ್ನು ಲೋಕವೆಲ್ಲವೂ ಬಲ್ಲುದು. ಎರಡನೆಯ ಹೆಸರನ್ನು ಬಲ್ಲವರು ವಿರಳ.

ಮೊದಲು ಆ ದೇಶದ ಅಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. ಅಮೆರಿಕದಲ್ಲಿ ಗುಲಾಮಗಿರಿಯು ೧೮೬೫ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ರದ್ದಾಯಿತು. ೧೮೬೮ರ ತಿದ್ದುಪಡಿಯು ಕಪ್ಪು ಜನರಿಗೆ ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. ೧೮೭೦ರ ತಿದ್ದುಪಡಿಯು ಬಣ್ಣದ ಕಾರಣದಿಂದ ಯಾರ ಮತದ ಹಕ್ಕನ್ನೂ ತಪ್ಪಿಸಕೂಡದೆಂದು ವಿಧಿಸಿತು. ಇಷ್ಟೆಲ್ಲವೂ ಕಾಗದದ ಮೇಲೆ ಇದ್ದಿತು. ದಕ್ಷಿಣದ ಸಂಸ್ಥಾನಗಳಲ್ಲಿ ಮಾತ್ರ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಆಸ್ಪತ್ರೆ, ರೈಲಿನಲ್ಲಿ ಬೇರೆ ಡಬ್ಬಿ, ಬಸ್ಸಿನಲ್ಲಿ ಹಿಂದಿನ ಬೆಂಚು. ಬಿಳಿಯರು ಹತ್ತಿದಾಗ ಎದ್ದು ಜಾಗ ಬಿಡಬೇಕು. ಬಿಡದವರು ಕಾನೂನನ್ನು ಮುರಿದವರು. ಸ್ಪೃಶ್ಯಾಸ್ಪೃಶ್ಯವೆಂಬ ಪಿಡುಗನ್ನು ಮನೆಯಲ್ಲಿಯೇ ಕಂಡ ನಮ್ಮ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾದ ಅಗತ್ಯವಿಲ್ಲ.

ಜಾರ್ಜಿಯಾದ ಮುಖ್ಯ ಪಟ್ಟಣವಾದ ಅಟ್ಲಾಂಟಾದಲ್ಲಿ ಕಪ್ಪು ಮಕ್ಕಳಿಗಾಗಿ ಮೊದಲನೆಯ ಸಾರ್ವಜನಿಕ ಹೈಸ್ಕೂಲು ತೆರೆದದ್ದು ೧೯೨೪ರಲ್ಲಿ. ಅದಕ್ಕೆ ಬೂಕರ್ ಟಿ. ವಾಷಿಂಗ್‌ಟನ್ ಎಂಬ ಮಹನೀಯರ ಹೆಸರನ್ನಿಟ್ಟರು. ಇವರು ಗುಲಾಮರಾಗಿ ಹುಟ್ಟಿ, ವಿದ್ಯಾಸಂಸ್ಥೆಯೊಂದನ್ನು ಕಟ್ಟಿ, ೧೮೯೫ರ ಸೆಪ್ಟೆಂಬರಿನಲ್ಲಿ ಇದೇ ಅಟ್ಲಾಂಟಾದ ವಸ್ತುಪ್ರದರ್ಶನದಲ್ಲಿ ಮಾಡಿದ ಭಾಷಣದಿಂದ ದೇಶಕ್ಕೆಲ್ಲ ಪರಿಚಿತರಾದವರು. ತಮಗೆ ಮಾತಿನ ಶಕ್ತಿ ಬಂದ ಬಗೆಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾರೆ. ಹ್ಯಾಂಪ್ಟನ್ ವಿದ್ಯಾಲಯದಲ್ಲಿ ಓದುತ್ತಿದ್ದಾಗ ನಥಾಲಿ ಲಾರ್ಡ್ ಎಂಬ ಉಪಾಧ್ಯಾಯಿನಿಯು ಅವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು, ಅಕ್ಷರವನ್ನು ಹೇಗೆ ಸ್ಪಷ್ಟವಾಗಿ ನುಡಿಯಬೇಕು ಎಂಬುದನ್ನು ಕಲಿಸಿದರಂತೆ. ಆದರೆ ಮಾತಿಗಾಗಿ ಮಾತನಾಡುವ ಆಸೆ ತಮಗೆ ಎಂದೂ ಇರಲಿಲ್ಲವೆಂದೂ, ಮಾಡಬೇಕಾದ ಒಂದು ಕೆಲಸವಿದ್ದುದರಿಂದಲೇ ಮಾತು ಬೇಕಾಯಿತೆಂದೂ ಅವರು ಜೊತೆಯಲ್ಲಿಯೇ ಹೇಳುತ್ತಾರೆ. ಉಸಿರು ಒಂದು ಕಡೆ, ಉದ್ದೇಶ ಒಂದು ಕಡೆ. ಈ ಎರಡನ್ನೂ ಕೂಡಿಸುವುದೇ ಉಪಾಧ್ಯಾಯರ ಕೆಲಸ. ಈ ಮಾತನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು.

ವಾಷಿಂಗ್‌ಟನ್ನರ ಹೆಸರಿನ ಆ ಹೈಸ್ಕೂಲಿನಲ್ಲಿ ೧೯೪೪ರಲ್ಲಿ ಓದುತ್ತಿದ್ದ ಕಿಂಗ್, ೧೯೨೯ನೆಯ ಜನವರಿ ೧೫ರಂದು ಹುಟ್ಟಿದವನು; ಎಂದರೆ ಆಗ ಹದಿನೈದು ತುಂಬಿದ ಹುಡುಗ. ತಂದೆ ಎಬನೇಜರ್ ಎಂಬ ಬ್ಯಾಪ್ಟಿಸ್ಟ್ ದೇವಾಲಯದ ಪಾದ್ರಿ. ತಾಯಿಯ ತಂದೆಯೂ ಅದೇ ದೇವಾಲಯದಲ್ಲಿ ಪಾದ್ರಿಯಾಗಿದ್ದವರು. ಹರಿಕಥೆದಾಸರ ಮನೆಯಲ್ಲಿ ಹುಟ್ಟಿದ ಮಗುವಿಗೆ ತಾಳ ಹೇಗೆ ತಾನಾಗಿ ಬರುವುದೋ ಹಾಗೆ ಈ ಹುಡುಗನಿಗೆ ಮಾತಿನ ಏರಿಳಿತವು ಮನೆಯಿಂದಲೇ ಬಂದಿತ್ತು. ಅವನಿಗೆ ಧ್ವನಿಯ ಕೊರತೆ ಇರಲಿಲ್ಲ. ಹಾಗಾದರೆ ಉಪಾಧ್ಯಾಯಿನಿಯ ನೆರವು ಅವನಿಗೆ ಯಾವುದರಲ್ಲಿ ಬೇಕಾಯಿತು? ನಮಗೆ ತೋರುವಂತೆ, ಆ ಧ್ವನಿಗೆ ತಕ್ಕ ತೂಕದ ವಿಷಯವನ್ನು ಹೊರುವುದರಲ್ಲಿ.

ಅವಕಾಶವೂ ಹಾಗೆಯೇ ಒದಗಿತು. ಅಮೆರಿಕದಲ್ಲಿ ‘ಎಲ್ಕ್ಸ್’ ಎಂಬ ಹೆಸರಿನ ಒಂದು ಸೋದರಸಂಘವುಂಟು. ಬಿಳಿಯರ ಆ ಸಂಘದಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಅವರು ೧೮೯೮ರಲ್ಲಿ ಅದೇ ಹೆಸರಿನ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಈ ಕಪ್ಪು ಎಲ್ಕ್ಸ್ ಸಂಘದವರು ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಭಾಷಣಸ್ಪರ್ಧೆಗಳನ್ನು ನಡೆಸುತ್ತಿದ್ದರು. ಕಿಂಗ್ ಆರಿಸಿಕೊಂಡ ವಿಷಯ ‘ನೀಗ್ರೋ ಮತ್ತು ಸಂವಿಧಾನ’. ನೀಗ್ರೋ ಎಂಬುದು ಆ ಕಾಲದಲ್ಲಿ ಆ ಜನರೇ ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು. ಈಗ ಅದು ಬಳಕೆ ತಪ್ಪಿದೆ.

ಆ ಭಾಷಣವು ಅದೇ ವರ್ಷದ ಮೇ ತಿಂಗಳಲ್ಲಿ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದುದರಿಂದ ನಮಗೆ ಉಳಿದುಬಂದಿದೆ. ಅದರ ಜಾಡು ಹೀಗೆ: ಮೊದಲು ಗುಲಾಮಗಿರಿಯ ಚರಿತ್ರೆ, ಆಮೇಲೆ ಅಂತರ್ಯುದ್ಧ, ಸಂವಿಧಾನದ ತಿದ್ದುಪಡಿಗಳು, ಅವು ಕೊಟ್ಟ ವಾಗ್ದಾನ, ಆಮೇಲೆ ಆ ವಾಗ್ದಾನಕ್ಕೂ ನಡೆವಳಿಕೆಗೂ ಇರುವ ಅಂತರ. ಈ ಅಂತರವನ್ನು ತೋರಿಸುವುದಕ್ಕೆ ಹುಡುಗನು ಹಿಡಿದ ದೃಷ್ಟಾಂತವು ಮೇರಿಯನ್ ಆಂಡರ್ಸನ್ ಎಂಬ ಗಾಯಕಿಯದು. ೧೯೩೯ರಲ್ಲಿ ಈಕೆಗೆ ರಾಜಧಾನಿಯ ‘ಕಾನ್ಸ್ಟಿಟ್ಯೂಷನ್ ಹಾಲ್’ ಎಂಬ ಸಭಾಮಂದಿರದಲ್ಲಿ ಹಾಡುವುದಕ್ಕೆ ಅದರ ಒಡೆತನವಿದ್ದ ಮಹಿಳಾಸಂಘವು ಅವಕಾಶ ಕೊಡಲಿಲ್ಲ. ಕಾರಣ, ಚರ್ಮದ ಬಣ್ಣ. ಮಂದಿರದ ಹೆಸರಿನ ಅರ್ಥವೇ ಸಂವಿಧಾನ ಮಂದಿರ! ಆ ವರ್ಷದ ಏಪ್ರಿಲ್ ೯ರಂದು, ಈಸ್ಟರ್ ಹಬ್ಬದ ದಿನ, ಆಕೆ ಲಿಂಕನ್ನರ ಸ್ಮಾರಕದ ಮೆಟ್ಟಲ ಮೇಲೆ ನಿಂತು ಬಯಲಿನಲ್ಲಿ ಹಾಡಿದರು; ಕೇಳಿದವರು ಸುಮಾರು ೭೫,೦೦೦ ಮಂದಿ. ದೇಶವು ಆಕೆಯನ್ನು ಕೊಂಡಾಡಿದರೂ ಒಳ್ಳೆಯ ಹೋಟೆಲಿನಲ್ಲಿ ಒಂದು ರಾತ್ರಿ ತಂಗಗೊಡದೆಂಬುದನ್ನು ಹುಡುಗನು ತನ್ನ ಭಾಷಣದಲ್ಲಿ ಎತ್ತಿ ತೋರಿಸಿದನು. ದೇಶದ ಹತ್ತರಲ್ಲೊಂದು ಪಾಲು ಜನ ಹೊಟ್ಟೆಗಿಲ್ಲದೆ ರೋಗದಲ್ಲಿ ನರಳುತ್ತಿದ್ದರೆ ದೇಶವು ಆರೋಗ್ಯವಾಗಿರಲಾರದು ಎಂದನು. ತಾನೂ ಒಂದು ದಿನ ತಲೆಯೆತ್ತಿ, ಬಿಳಿಯನ ಪಕ್ಕದಲ್ಲಿ ಮನುಷ್ಯನಾಗಿ ನಿಲ್ಲುವೆನೆಂಬ ಭರವಸೆಯಿಂದ ಮುಗಿಸಿದನು.

ಇಲ್ಲಿ ಒಂದು ಸಂದೇಹಕ್ಕೆ ಎಡೆಯುಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಭಾಷಣದ ಇಂಗ್ಲಿಷು ಬಹಳ ಹದವಾದದ್ದು. ಹದಿನೈದು ವರ್ಷದ ಹುಡುಗನ ಬರವಣಿಗೆಗಿಂತ ಹೆಚ್ಚು ನಯಗೊಂಡದ್ದು. ಕಿಂಗ್ ಅವರ ಪತ್ರಗಳನ್ನೂ ಬರಹಗಳನ್ನೂ ಸಂಪಾದಿಸಿದ ವಿದ್ವಾಂಸರು, ಇದರಲ್ಲಿ ದೊಡ್ಡವರ ಕೈಯಾಡಿರಬಹುದೆಂದು ಅಭಿಪ್ರಾಯಪಟ್ಟಿದ್ದಾರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಾಲೇಜು ಸೇರಿದಾಗ ತಮ್ಮ ಓದುವ ಶಕ್ತಿಯು ಎಂಟನೆಯ ತರಗತಿಯ ಮಟ್ಟದಲ್ಲಿತ್ತೆಂದು ಕಿಂಗ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಗಾದರೆ ಭಾಷಣವು ಹುಡುಗನದೋ, ಹಿರಿಯರದೋ?

ಭಾಷಣಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿದ ಪ್ರತಿಯೊಬ್ಬ ಉಪಾಧ್ಯಾಯರನ್ನೂ ಈ ಪ್ರಶ್ನೆ ಚುಚ್ಚಿಯೇ ಇರುತ್ತದೆ. ಹುಡುಗನು ಬರೆದು ತಂದ ಕಾಗದ ಮೇಜಿನ ಮೇಲಿದೆ. ಕೈಯಲ್ಲಿ ಕೆಂಪು ಪೆನ್ಸಿಲು ಇದೆ. ಒಂದು ಪದವನ್ನು ತಿದ್ದಿದರೆ ಅದು ಪಾಠ. ಒಂದು ವಾಕ್ಯವನ್ನು ತಿದ್ದಿದರೆ ಅದೂ ಪಾಠವೇ. ಪುಟವನ್ನೇ ಬದಲಾಯಿಸಿದರೆ? ಆಗ ವೇದಿಕೆಯ ಮೇಲೆ ನಿಲ್ಲುವ ಹುಡುಗನು ಮೇಷ್ಟರ ಗ್ರಾಮೋಫೋನ್ ತಟ್ಟೆಯಾಗುತ್ತಾನೆ. ಗೆರೆ ಎಲ್ಲಿದೆ ಎಂಬುದನ್ನು ಅಳೆದು ಹೇಳುವುದು ಕಷ್ಟ. ನಮ್ಮ ಮಟ್ಟಿಗೆ ಒಂದು ಪರೀಕ್ಷೆ ಮಾತ್ರ ಸಾಕೆಂದು ತೋರುತ್ತದೆ: ಆ ಮಾತಿನ ಹಿಂದಿನ ಅನುಭವ ಯಾರದು? ಪದಗಳು ಸಾಲವಾಗಿ ಬಂದಿರಬಹುದು. ವೇದನೆಯೂ ಸಾಲವಾಗಿ ಬಂದಿದ್ದರೆ ಭಾಷಣವು ಮಗುವಿನದಲ್ಲ. ಅಟ್ಲಾಂಟಾದ ಹುಡುಗನು ಹಿಂದಿನ ಬೆಂಚನ್ನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಅದರ ಮೇಲೆ ಕುಳಿತು ತಿಳಿದವನು. ಸಾಲದ ಪದಗಳು ಅಲ್ಲಿ ಅವನ ಸ್ವಂತ ಆಸ್ತಿಯೇ ಆದುವು.

ಭಾಷೆಯ ವಿಷಯವಾಗಿಯೂ ಒಂದು ಮಾತು. ಇಂಗ್ಲಿಷು ನಮಗೆ ಪರಭಾಷೆ, ಅಮೆರಿಕದ ಕಪ್ಪು ಜನರಿಗೆ ತಾಯ್ನುಡಿ; ಆದ್ದರಿಂದ ಹೋಲಿಕೆ ಸಲ್ಲದೆಂದು ಕೆಲವರು ಹೇಳಬಹುದು. ಆದರೆ ೧೮೨೯ರಲ್ಲಿ ಇದೇ ಜಾರ್ಜಿಯಾದಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದನ್ನು ಅಪರಾಧವೆಂದು ಕಾನೂನು ಮಾಡಿದ್ದರೆಂಬುದನ್ನು ಮರೆಯಬಾರದು. ಒಡೆಯರ ಭಾಷೆಯನ್ನು ಕಿವಿಯಿಂದ ಕೇಳಿ ದುಡಿಯಬಹುದು, ಕಣ್ಣಿನಿಂದ ಓದಬಾರದು ಎಂಬುದು ಅದರ ತಾತ್ಪರ್ಯ. ಅದೇ ನೆಲದಲ್ಲಿ ನೂರಹದಿನೈದು ವರ್ಷಗಳ ಮೇಲೆ, ಅದೇ ಭಾಷೆಯಲ್ಲಿ, ಒಡೆಯರು ಬರೆದ ಸಂವಿಧಾನವನ್ನೇ ಕೈಯಲ್ಲಿ ಹಿಡಿದು, ಹುಡುಗನೊಬ್ಬನು ಲೆಕ್ಕ ಕೇಳಿದನು.

೧೯೪೪ನೆಯ ಏಪ್ರಿಲ್ ೧೭ರಂದು ಸ್ಪರ್ಧೆ. ಸ್ಥಳ, ಜಾರ್ಜಿಯಾದಲ್ಲಿಯೇ ಇರುವ ಡಬ್ಲಿನ್ ಎಂಬ ಸಣ್ಣ ಪಟ್ಟಣ, ಐರ್ಲೆಂಡಿನ ರಾಜಧಾನಿಯಲ್ಲ. ಅಲ್ಲಿನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಸಭೆ ಸೇರಿತ್ತು. ಹುಡುಗನನ್ನು ಅಟ್ಲಾಂಟಾದಿಂದ ಅಷ್ಟು ದೂರ ಕರೆದುಕೊಂಡು ಹೋದವರು ಬ್ರಾಡ್ಲಿಯವರು. ಸ್ಪರ್ಧೆಯಲ್ಲಿ ತಾವು ಗೆದ್ದುದಾಗಿ ಕಿಂಗ್ ಮುಂದೆ ನೆನೆಸಿಕೊಂಡಿದ್ದಾರೆ. ನಮ್ಮಲ್ಲಿ ಬರೆಯುವ ಶಾಲಾಚರಿತ್ರೆಯಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು: ಹುಡುಗನು ಗೆದ್ದನು, ಉಪಾಧ್ಯಾಯಿನಿಯು ಸಂತೋಷಪಟ್ಟರು, ಶಾಲೆಗೆ ಕೀರ್ತಿ ಬಂದಿತು.

ಆ ರಾತ್ರಿ ಇಬ್ಬರೂ ಬಸ್ಸಿನಲ್ಲಿ ಊರಿಗೆ ಹಿಂದಿರುಗುತ್ತಿದ್ದರು. ದಾರಿಯಲ್ಲಿ ಕೆಲವರು ಬಿಳಿಯರು ಹತ್ತಿದರು. ಚಾಲಕನು ಇವರಿಬ್ಬರನ್ನೂ ಎದ್ದು ಜಾಗ ಬಿಡುವಂತೆ ಹೇಳಿದನು. ಇವರು ಏಳುವುದು ತಡವಾಯಿತೆಂದು ಬಯ್ಯಲು ಮೊದಲು ಮಾಡಿದನು. ಹುಡುಗನಿಗೆ ಏಳುವ ಮನಸ್ಸಿರಲಿಲ್ಲ. ಕುಳಿತೇ ಇರಬೇಕೆಂದು ಅವನು ನಿಶ್ಚಯಿಸಿಕೊಂಡಿದ್ದನು. ಆಗ ಬ್ರಾಡ್ಲಿಯವರು, ಕಾನೂನಿಗೆ ತಗ್ಗಿ ನಡೆಯಲೇಬೇಕೆಂದು ಅವನನ್ನು ಒತ್ತಾಯಪಡಿಸಿ ಎಬ್ಬಿಸಿದರು. ಅಲ್ಲಿಂದ ಅಟ್ಲಾಂಟಾದವರೆಗೆ, ಕಿಂಗ್ ಅವರ ನೆನಪಿನ ಪ್ರಕಾರ ೯೦ ಮೈಲಿ, ಗುರುವೂ ಶಿಷ್ಯನೂ ಬಸ್ಸಿನ ನಡುವಣ ಓಣಿಯಲ್ಲಿ ನಿಂತುಕೊಂಡೇ ಪ್ರಯಾಣ ಮಾಡಿದರು. ಅದು ಹೆಚ್ಚು ಕಡಿಮೆ ಮೈಸೂರಿನಿಂದ ಬೆಂಗಳೂರಿಗೆ ಇರುವಷ್ಟು ದೂರ. ಸಂವಿಧಾನದ ಮೇಲೆ ಮಾತನಾಡಿ ಗೆದ್ದ ಹುಡುಗನಿಗೆ ಅದೇ ರಾತ್ರಿ ಅದೇ ಸಂವಿಧಾನದ ನಾಡಿನಲ್ಲಿ ಕುಳಿತುಕೊಳ್ಳುವುದಕ್ಕೆ ಒಂದು ಅಡಿ ಜಾಗವಿಲ್ಲ. ತಮ್ಮ ಜೀವಮಾನದಲ್ಲಿ ಅಷ್ಟು ಕೋಪ ಎಂದೂ ಬಂದಿರಲಿಲ್ಲವೆಂದೂ, ಆ ರಾತ್ರಿ ತಮ್ಮ ಮನಸ್ಸಿನಿಂದ ಅಳಿಯುವುದೇ ಇಲ್ಲವೆಂದೂ ಅವರು ಇಪ್ಪತ್ತು ವರ್ಷಗಳ ಮೇಲೆ ಹೇಳಿದರು.

ಈಗ ನಮ್ಮ ಮುಂದಿರುವ ಪ್ರಶ್ನೆ: ಉಪಾಧ್ಯಾಯಿನಿಯು ಮಾಡಿದ್ದು ಸರಿಯೆ? ತಲೆಯೆತ್ತಿ ನಿಲ್ಲು ಎಂದು ಹಗಲು ವೇದಿಕೆಯ ಮೇಲೆ ಹೇಳಿಸಿ, ರಾತ್ರಿ ತಲೆ ತಗ್ಗಿಸು ಎಂದರೆ ಅದು ಯಾವ ಬೋಧೆ? ಕೆಚ್ಚುಳ್ಳ ತರುಣ ಶ್ರೋತೃಗಳು ಹೀಗೆ ಕೇಳುವುದು ಸಹಜ. ನಮಗೂ ಮೊದಲು ಹಾಗೆಯೇ ತೋರಿತು.

ಆದರೆ ಆ ವರ್ಷದ ಬೇರೆ ಎರಡು ಸಂಗತಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೂರು ತಿಂಗಳೂ ತುಂಬದೊಳಗೆ, ೧೯೪೪ನೆಯ ಜುಲೈ ೮ರಂದು, ಉತ್ತರ ಕ್ಯಾರೊಲೈನಾದ ಡರ್ಹಂ ಪಟ್ಟಣದಲ್ಲಿ ಸಮವಸ್ತ್ರ ಧರಿಸಿದ ಕಪ್ಪು ಸೈನಿಕನೊಬ್ಬನಿಗೂ ಬಸ್ಸಿನ ಚಾಲಕನಿಗೂ ಇಂಥದೇ ಜಾಗದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು; ಸೈನಿಕನು ಬಸ್ಸಿನಿಂದ ಇಳಿದ ಮೇಲೆ ಚಾಲಕನು ಅವನನ್ನು ಗುಂಡಿಟ್ಟು ಕೊಂದನು. ನ್ಯಾಯಸ್ಥಾನದಲ್ಲಿ ಚಾಲಕನು ನಿರ್ದೋಷಿಯೆಂದು ಬಿಡುಗಡೆಯಾದನು. ಅದೇ ಜುಲೈ ೧೬ರಂದು ವರ್ಜೀನಿಯಾದಲ್ಲಿ ಐರೀನ್ ಮಾರ್ಗನ್ ಎಂಬ ಹೆಂಗಸು ಜಾಗ ಬಿಡಲೊಲ್ಲದೆ ಸೆರೆಯಾದರು. ಆಕೆಯ ವ್ಯಾಜ್ಯವು ಮೇಲಿನ ನ್ಯಾಯಸ್ಥಾನಗಳಿಗೆ ಹೋಗಿ, ಸಂಸ್ಥಾನದಿಂದ ಸಂಸ್ಥಾನಕ್ಕೆ ಹೋಗುವ ಬಸ್ಸುಗಳಲ್ಲಿ ಇಂಥ ಕಾನೂನು ಸಲ್ಲದೆಂದು ೧೯೪೬ನೆಯ ಜೂನ್ ೩ರಂದು ಸುಪ್ರೀಂ ಕೋರ್ಟಿನ ತೀರ್ಪಾಯಿತು. ಡಬ್ಲಿನ್ನಿನಿಂದ ಅಟ್ಲಾಂಟಾಕ್ಕೆ ಹೋಗುವ ಬಸ್ಸು ಒಂದೇ ಸಂಸ್ಥಾನದೊಳಗಿನದು. ಆ ತೀರ್ಪು ಬಂದ ಮೇಲೆಯೂ ಅದರಲ್ಲಿ ಕುಳಿತವರಿಗೆ ರಕ್ಷಣೆ ದೊರೆಯುತ್ತಿರಲಿಲ್ಲ.

ಎದ್ದು ನಿಲ್ಲದಿದ್ದರೆ ಏನಾಗಬಹುದಿತ್ತೆಂಬುದಕ್ಕೆ ಈ ಎರಡು ದಾರಿಗಳೇ ಸಾಕ್ಷಿ. ಒಂದು ದಾರಿ ನ್ಯಾಯಸ್ಥಾನಕ್ಕೆ ಹೋಗುತ್ತದೆ, ಇನ್ನೊಂದು ಶ್ಮಶಾನಕ್ಕೆ. ಯಾವ ರಾತ್ರಿ ಯಾವ ದಾರಿ ತೆರೆಯುವುದೆಂದು ಯಾರು ಬಲ್ಲರು? ಆ ಬಸ್ಸಿನಲ್ಲಿ ಬ್ರಾಡ್ಲಿಯವರ ಪಕ್ಕದಲ್ಲಿ ಕುಳಿತಿದ್ದವನು ಮುಂದೆ ಲೋಕವು ಕೊಂಡಾಡಿದ ಮಹಾಪುರುಷನಲ್ಲ. ಇನ್ನೊಬ್ಬ ತಾಯಿಯು ನಂಬಿ ಕಳುಹಿಸಿದ ಹದಿನೈದು ವರ್ಷದ ಮಗು. ಅವನನ್ನು ಬೆಳಗಾಗುವುದರೊಳಗೆ ಮನೆ ಸೇರಿಸುವುದು ಅವರ ಹೊಣೆ. ತಮ್ಮ ಮಾನವನ್ನು ಮಾತ್ರ ಪಣವಾಗಿ ಒಡ್ಡುವುದಾಗಿದ್ದರೆ ಏನು ಮಾಡುತ್ತಿದ್ದರೋ. ಮಗುವಿನ ಪ್ರಾಣವನ್ನು ಒಡ್ಡುವ ಹಕ್ಕು ತಮಗಿಲ್ಲವೆಂದು ಅವರಿಗೆ ತೋರಿರಬೇಕು.

ಮತ್ತೊಂದು ಅಂಶವು ಸುಲಭವಾಗಿ ಕಣ್ಣು ತಪ್ಪಿ ಹೋಗುತ್ತದೆ. ಆ ರಾತ್ರಿ ನಿಂತವನು ಹುಡುಗನೊಬ್ಬನೇ ಅಲ್ಲ. ಉಪಾಧ್ಯಾಯಿನಿಯೂ ನಿಂತರು, ಅಷ್ಟು ದೂರವೂ ನಿಂತರು. ತನ್ನ ಶಿಷ್ಯನ ಕಣ್ಣ ಮುಂದೆ ಬೈಗುಳು ಕೇಳಿ, ಶಿಷ್ಯನ ಮನಸ್ಸಿನಲ್ಲಿ ತಮ್ಮ ವಿಷಯವಾಗಿ ಏನು ಬಂದೀತೆಂದು ತಿಳಿದೂ ತಿಳಿದೂ, ಅವನನ್ನು ಎಬ್ಬಿಸುವ ಕಹಿಯಾದ ಕೆಲಸವನ್ನು ಅವರು ತಮ್ಮ ಮೇಲೆ ಹಾಕಿಕೊಂಡರು. ಶಿಷ್ಯನು ಗೆದ್ದ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಸಂತೋಷಪಡುವುದು ಯಾವ ಉಪಾಧ್ಯಾಯರಿಗೂ ಸಾಧ್ಯ. ಶಿಷ್ಯನಿಗೆ ಅವಮಾನವಾದ ಸ್ಥಳದಲ್ಲಿ ಅವನ ಪಕ್ಕದಲ್ಲಿಯೇ ನಿಂತು ಆ ಅವಮಾನದಲ್ಲಿ ಪಾಲು ತೆಗೆದುಕೊಳ್ಳುವುದು ಎಲ್ಲರಿಂದಲೂ ಆಗತಕ್ಕದ್ದಲ್ಲ. ಆದರೂ ಹುಡುಗನ ಕೋಪವು ತಪ್ಪೆಂದು ನಾವು ಹೇಳುವುದಿಲ್ಲ. ಗುರುವಿನ ವಿವೇಕವೂ ಸರಿ, ಶಿಷ್ಯನ ಕೋಪವೂ ಸರಿ. ಇವೆರಡೂ ಏಕಕಾಲದಲ್ಲಿ ಸರಿಯಾಗಿರುವಂತೆ ಮಾಡಿದ ಆ ಕಾನೂನು ಮಾತ್ರ ತಪ್ಪು.

ಇನ್ನು ಆ ಹುಡುಗನ ಮುಂದಿನ ಚರಿತ್ರೆ. ಭಾಷಣದ ಬಹುಮಾನಗಳ ಲೆಕ್ಕದಿಂದ ನೋಡಿದರೆ ಅದು ಅಂಥ ವೈಭವದ್ದೇನೂ ಅಲ್ಲ. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಭಾಷಣಸ್ಪರ್ಧೆಯಲ್ಲಿ ಅವರಿಗೆ ಬಂದದ್ದು ಎರಡನೆಯ ಬಹುಮಾನ. ಆಮೇಲೆ ಪೆನ್ಸಿಲ್ವೇನಿಯಾದ ಕ್ರೋಜರ್ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಓದುವಾಗ ಸಾರ್ವಜನಿಕ ಭಾಷಣವೆಂಬ ವಿಷಯದಲ್ಲಿಯೇ ಅವರಿಗೆ ಮೂರನೆಯ ದರ್ಜೆಯ ಅಂಕಗಳು ಬಂದುವು! ೧೯೫೧ರಲ್ಲಿ ಅದೇ ವಿದ್ಯಾಲಯದಿಂದ ಅವರು ತರಗತಿಗೆ ಮೊದಲಿಗರಾಗಿ ಹೊರಬಿದ್ದರು; ಭಾಷಣದ ಅಂಕಗಳು ಮಾತ್ರ ಹಾಗೆಯೇ ಉಳಿದಿವೆ. ಅಂಕ ಕೊಡುವವರೂ ತೀರ್ಪುಗಾರರೂ ಇದನ್ನು ಆಗಾಗ್ಗೆ ಸ್ಮರಿಸಿಕೊಳ್ಳುವುದು ಒಳ್ಳೆಯದು.

ತಪ್ಪದ ತೀರ್ಪು ಬೇರೆ ಕಡೆ ಆಯಿತು. ೧೯೫೫ನೆಯ ಡಿಸೆಂಬರ್ ೧ರಂದು ಅಲಬಾಮಾದ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆಯು ಬಸ್ಸಿನಲ್ಲಿ ಬಿಳಿಯನಿಗೆ ಜಾಗ ಬಿಡಲೊಪ್ಪದೆ ಸೆರೆಯಾದರು. ಅದೇ ತಿಂಗಳು ೫ರಂದು ಸಾವಿರಾರು ಜನ ಹೋಲ್ಟ್ ಬೀದಿಯ ದೇವಾಲಯದಲ್ಲಿ ಸೇರಿದರು. ಮಾತನಾಡಬೇಕಾಗಿದ್ದವರು ಆ ಊರಿಗೆ ಹೊಸಬರಾದ, ೨೬ ವರ್ಷದ ಪಾದ್ರಿ ಕಿಂಗ್. ಭಾಷಣಕ್ಕೆ ಸಿದ್ಧಪಡಿಸಿಕೊಳ್ಳಲು ಅವರಿಗೆ ದೊರೆತದ್ದು ಸುಮಾರು ೨೦ ನಿಮಿಷ. ಇಪ್ಪತ್ತು ನಿಮಿಷದಲ್ಲಿ ಅವರು ಸಿದ್ಧಪಡಿಸಿಕೊಂಡರೆಂದು ಚರಿತ್ರಕಾರರು ಬರೆಯುತ್ತಾರೆ. ಉಪಾಧ್ಯಾಯರಾದವರು ಬೇರೊಂದು ಲೆಕ್ಕ ಹಾಕುತ್ತಾರೆ: ಆ ಸಿದ್ಧತೆಗೆ ಹನ್ನೊಂದು ವರ್ಷ ಹಿಡಿಯಿತು, ಅದು ಜಾರ್ಜಿಯಾದ ರಸ್ತೆಯ ಮೇಲೆ ಒಂದು ರಾತ್ರಿ ನಿಂತಲ್ಲಿಯೇ ಮೊದಲಾಗಿತ್ತು. ೩೮೧ ದಿನ ಆ ಊರಿನ ಕಪ್ಪು ಜನರು ಬಸ್ಸು ಹತ್ತದೆ ನಡೆದರು. ಕಡೆಗೆ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ೧೯೫೬ರ ಡಿಸೆಂಬರಿನಲ್ಲಿ ಅವರು ಇಷ್ಟಬಂದ ಬೆಂಚಿನಲ್ಲಿ ಕುಳಿತರು. ಕಾನೂನಿಗೆ ತಗ್ಗಬೇಕೆಂದು ಹೇಳಿಸಿಕೊಂಡ ಹುಡುಗನು ಕಾನೂನನ್ನೇ ತಗ್ಗಿಸಿದನು. ಕೈಯೆತ್ತದೆ, ಕಲ್ಲೆಸೆಯದೆ ತಗ್ಗಿಸಿದನು.

೧೯೫೯ರಲ್ಲಿ ಕಿಂಗ್ ಅವರು ಗಾಂಧೀಜಿಯವರ ನಾಡನ್ನು ನೋಡಬೇಕೆಂದು ಇಲ್ಲಿಗೆ ಬಂದರು. ಹೊರಡುವ ಮುಂಚೆ, ಮಾರ್ಚ್ ೯ರಂದು, ದೆಹಲಿಯ ಆಕಾಶವಾಣಿಯಲ್ಲಿ ಬೀಳ್ಕೊಡುಗೆಯ ಮಾತುಗಳನ್ನಾಡಿ, ಅಹಿಂಸೆಯ ಮಾರ್ಗದಲ್ಲಿ ತಮ್ಮ ನಂಬಿಕೆ ಇಲ್ಲಿಗೆ ಬಂದು ಮತ್ತಷ್ಟು ದೃಢವಾಯಿತೆಂದು ಹೇಳಿದರು. ಹೀಗೆ ಡಬ್ಲಿನ್ನಿನ ದೇವಾಲಯದಲ್ಲಿ ಮಾತನಾಡಿದ ಕಂಠವು ನಮ್ಮ ದೇಶದ ರೇಡಿಯೋ ಯಂತ್ರಗಳಿಂದಲೂ ಕೇಳಿಬಂತು.

ನಾಲ್ಕು ವರ್ಷ ಕಳೆದು, ೧೯೬೩ನೆಯ ಆಗಸ್ಟ್ ೨೮ರಂದು, ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಅವರು ಮಾಡಿದ ಭಾಷಣವನ್ನು ಬಲ್ಲದವರಿಲ್ಲ. ಅದನ್ನು ಮಾಡಿದ ಸ್ಥಳ ಯಾವುದು? ಲಿಂಕನ್ನರ ಸ್ಮಾರಕದ ಮೆಟ್ಟಲುಗಳು. ಹದಿನೈದನೆಯ ವಯಸ್ಸಿನಲ್ಲಿ ತಮ್ಮ ಸ್ಪರ್ಧೆಯ ಭಾಷಣದಲ್ಲಿ ಮೇರಿಯನ್ ಆಂಡರ್ಸನ್ನರು ಹಾಡಿದರೆಂದು ಹೇಳಿದ್ದರಲ್ಲವೆ, ಅದೇ ಮೆಟ್ಟಲುಗಳು. ಆ ದಿನ ಅಲ್ಲಿ ಆಂಡರ್ಸನ್ನರೂ ಬಂದು ಹಾಡಿದರು. ಶಾಲೆಯ ಹುಡುಗನ ಕಾಗದದಲ್ಲಿ ದೃಷ್ಟಾಂತವಾಗಿದ್ದ ಗಾಯಕಿಯೂ ಆ ಹುಡುಗನೂ ಒಂದೇ ಮೆಟ್ಟಲ ಮೇಲೆ ಸಂಧಿಸಿದರು.

ಇದೆಲ್ಲವನ್ನೂ ಒಬ್ಬ ಉಪಾಧ್ಯಾಯಿನಿಯ ಲೆಕ್ಕಕ್ಕೆ ಬರೆಯುವುದು ಅತಿಶಯೋಕ್ತಿಯಾದೀತು. ಮನೆ, ದೇವಾಲಯ, ಕಾಲೇಜಿನ ಅಧ್ಯಕ್ಷರು, ಗಾಂಧೀಜಿಯವರ ಗ್ರಂಥಗಳು, ಎಲ್ಲಕ್ಕಿಂತ ಹೆಚ್ಚಾಗಿ ಹೆಸರಿಲ್ಲದ ಸಾವಿರಾರು ಜನರ ಧೈರ್ಯ, ಇವೆಲ್ಲವೂ ಸೇರಿ ಆ ಕಂಠವನ್ನು ರೂಪಿಸಿದುವು. ೧೯೬೮ನೆಯ ಏಪ್ರಿಲ್ ೪ರಂದು ಕೊಲೆಗಾರನ ಗುಂಡಿಗೆ ಬಲಿಯಾಗುವವರೆಗೂ ಅವರು ಕಲಿಯುತ್ತಲೇ ಇದ್ದರು. ಆದರೂ ಸೌಧದ ಲೆಕ್ಕದಲ್ಲಿ ಅಸ್ತಿಭಾರದ ಒಂದು ಕಲ್ಲನ್ನು ಬಿಡುವುದು ನ್ಯಾಯವಲ್ಲ.

ನಮ್ಮ ಶಾಲೆಗಳ ಕಡೆಗೆ ತಿರುಗೋಣ. ಇಂಗ್ಲಿಷು ಭಾಷಣದ ಪಂದ್ಯಗಳು ಇಂದು ಕಡಿಮೆಯಾಗಿಲ್ಲ, ಹೆಚ್ಚಿವೆ. ಉಚ್ಚಾರಣೆಯನ್ನು ತಿದ್ದುವ ಉಪಾಧ್ಯಾಯರು ನಮ್ಮಲ್ಲಿದ್ದಾರೆ. ಅವರ ಶ್ರಮವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಬರಿದಾದ ತರಗತಿಯಲ್ಲಿ ಸಂಜೆ ಹೊತ್ತು ಹುಡುಗಿಯನ್ನು ಮುಂದೆ ನಿಲ್ಲಿಸಿ, ತಾವು ಕಡೆಯ ಬೆಂಚಿಗೆ ಹೋಗಿ, “ಕೇಳಿಸಲಿಲ್ಲ ಮಗು, ಇನ್ನೊಂದು ಸಲ ಹೇಳು” ಎಂದು ಹತ್ತು ಸಲ ಹೇಳಿಸುವವರಿಗೆ ಸಂಬಳದಲ್ಲಿ ಅದಕ್ಕಾಗಿ ಒಂದು ಕಾಸೂ ಸೇರುವುದಿಲ್ಲ. ಆದರೆ ಆ ಮಗುವಿನ ಬಾಯಿಗೆ ನಾವು ಕೊಡುವ ವಿಷಯ ಯಾವುದು? ಸೀಸರನ ಶವವೇ ಇನ್ನೂ ಸಾಕೆ? ಆಂಟನಿಯ ಭಾಷಣ ಶ್ರೇಷ್ಠವಾದದ್ದು, ನಿಜ. ಅದರಿಂದ ನಾಲಗೆ ಪಳಗುತ್ತದೆ. ನಾಲಗೆ ಪಳಗಿದ ಮೇಲಾದರೂ ಮಗುವು ತಾನು ಕಂಡ ಬಾವಿ, ತಾನು ಹತ್ತಿದ ಬಸ್ಸು, ತನ್ನನ್ನು ಕೂರಿಸದ ಪಂಕ್ತಿ, ತನ್ನ ತಾಯಿಗೆ ದೊರೆಯದ ಓದು, ಇವುಗಳ ವಿಷಯವಾಗಿ ಮಾತನಾಡಬೇಡವೆ? ಹಾಗೆ ಮಾತನಾಡಿದರೆ ವ್ಯಾಕರಣ ಎರಡು ಕಡೆ ತಪ್ಪೀತು, ಬಹುಮಾನ ಕೈತಪ್ಪೀತು. ಮಾತು ಮಾತ್ರ ಆ ಮಗುವಿನದೇ ಆಗಿರುತ್ತದೆ.

ಕಡೆಯದಾಗಿ ಒಂದು ಬಿನ್ನಹ. ಸ್ಪರ್ಧೆ ಮುಗಿದು, ಚಪ್ಪಾಳೆ ನಿಂತು, ಹಾರ ಬಾಡಿದ ಮೇಲೆ ಮಗುವು ಮನೆಗೆ ಹಿಂದಿರುಗುವ ದಾರಿಯೊಂದುಂಟು. ಸಭೆಯಲ್ಲಿ ಆಡಿದ ಮಾತಿಗೂ ಲೋಕದ ನಡೆಗೂ ಇರುವ ಅಂತರವು ಅದಕ್ಕೆ ಕಾಣುವುದು ಆ ದಾರಿಯಲ್ಲಿ. ಗೆದ್ದ ಮಗುವಾದರೂ ಸೋತ ಮಗುವಾದರೂ ಆ ದಾರಿಯನ್ನು ಒಂಟಿಯಾಗಿ ನಡೆಯದಂತೆ ನೋಡಿಕೊಳ್ಳುವುದು ಉಪ

ಾಧ್ಯಾಯರಿಗೆ ಸೇರಿದ್ದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮಾತು ಬಲ್ಲವನಾಗುವುದಕ್ಕೆ ಮುಂಚೆ, ಮೌನವಾಗಿ ಪಕ್ಕದಲ್ಲಿ ನಿಂತ ಒಬ್ಬರು ಅವನಿಗೆ ಬೇಕು. ಜಾರ್ಜಿಯಾದ ಆ ರಾತ್ರಿಯ ಬಸ್ಸಿನಲ್ಲಿ ಒಬ್ಬರು ಹಾಗೆ ನಿಂತಿದ್ದರು.